ದನ ಮಾತಾಡಿಸುವ ಯಲ್ಲಾರಿ

ಕಲ್ಲೋಳಿಯಲ್ಲಿ ಯಾರ ಎಮ್ಮೆ ಮೇವು ಬಿಟ್ಟರೂ ಮೊದಲು ಕರೆ ಹೋಗುತ್ತಿದ್ದುದು ಕುರುಬರ ಯಲ್ಲಾರಿಗೆ. ಮುಂಬಯಿ ಸರಕಾರದ ದನದ ಡಾಕ್ಟರು ಗೋಕಾಕದಲ್ಲಿ ಸೈಕಲ್ ಹತ್ತುವಷ್ಟರಲ್ಲಿ ಇವನ ಅಂಗೈ ಎಮ್ಮೆಯ ಹೊಟ್ಟೆಯ ಮೇಲಿರುತ್ತಿತ್ತು. ಮನೆಯವರಿಗೆ ನಮಸ್ಕಾರವಿಲ್ಲ, ಚಹಾದ ಕಡೆ ನೋಟವಿಲ್ಲ. ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಎಮ್ಮೆಯ ಕಿವಿಯ ಬುಡ ಸವರುತ್ತ, "ಏನಾತ ನಮ್ಮವ್ವಾ, ಯಾರ ಏನಂದ್ರು?" ಎಂದು ತವರಿಗೆ ಬಂದ ಮಗಳನ್ನು ಕೇಳಿದಂತೆ ಕೇಳುತ್ತಿದ್ದ. ಅದು ಉಸಿರುಬಿಟ್ಟರೆ "ಹೌದೇನ?", ಬಾಲ ಬೀಸಿದರೆ "ಖರೆ ಐತಿ ಬಿಡು." ಮಾಲಕ ಮಾತ್ರ, ಊರ ಗೌಡನೇ ಆಗಲಿ, ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯಾಚೆ ಕುಳಿತಿರಬೇಕು: "ನಿಮ್ಮ ಅಂಜಿಕಿ ದನಕ್ಕ ಹತ್ತತೈತ್ರಿ, ಹೊರಗ ನಡೀರಿ." ತಾಳಲಾರದೆ "ಏನಂತೈತಿ?" ಎಂದವರಿಗೆ "ಬಾಯಿ ಮುಚ್ಚ್ರಿ ಅಂತೈತಿ" ಎಂಬ ಉತ್ತರ ಸಿದ್ಧವಿತ್ತು. ಮಾತೆಲ್ಲ ದನಗಳಿಗೇ ಖರ್ಚಾಗಿ ಹೆಂಡತಿ ಉದ್ದವ್ವನಿಗೆ ಬರೀ "ಹೂಂ" ಉಳಿಯುತ್ತಿತ್ತು. "ನನಗೂ ಎರಡ ಕೋಡ ಇದ್ದಿದ್ರ ಮಾತಾಡಿಸ್ತಿದ್ರೇನೋ" ಎಂದು ಅವಳು ನಗುವಳು. ಅವರದೇ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡಾದ ದಿನ ಮಾತ್ರ ಯಲ್ಲಾರಿಗೆ ಮಾತೇ ಹೊರಡಲಿಲ್ಲ. ಕಿವಿಯ ಬುಡಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಯಾರೂ ಹೇಳದೆ ಅವನು ಚಪ್ಪಲಿ ಎತ್ತಿಕೊಂಡು ಗೋಡೆಯಾಚೆ ಹೋಗಿ ಕುಳಿತ. ಗಂಡ ಹೆಂಡತಿ ಇಬ್ಬರ ಅಂಜಿಕೆಯನ್ನೂ ಅವನೇ ಹೊತ್ತೊಯ್ದಂತಾಗಿ, ಉದ್ದವ್ವ ಅಂಗೈ ತಿಕ್ಕಿಕೊಂಡಳು, "ಏನಾತ ನಮ್ಮವ್ವಾ?" ಎಂದಳು, ಇಪ್ಪತ್ತು ವರ್ಷ ನೋಡಿ ಕಲಿತಂತೆ ಹೊಟ್ಟೆ ನೀವಿದಳು, ಕೈಹಾಕಿ ಕರುವನ್ನು ಮೆಲ್ಲನೆ ಹೊರಳಿಸಿ ಎಳೆದುಕೊಂಡಳು. ಒದ್ದೆ ಕರು ಸೀನಿತು. ಎಮ್ಮೆ ತಿರುಗಿ ಅದನ್ನು ನೆಕ್ಕತೊಡಗಿತು. "ಏನಂತೈತಿ?" ಗೋಡೆಯಾಚೆಯಿಂದ ಸಣ್ಣ ದನಿ ಬಂತು. "ಬಾಯಿ ಮುಚ್ಚ್ರಿ" ಎನ್ನಲು ಉದ್ದವ್ವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೂ "ಒಳಗ ಬರ್ರಿ ಅಂತೈತಿ" ಎಂದಳು.