ನಾಳೆಯಿಂದ ಅಲ್ಲಿ ನಿಲ್ಲಿಸಬೇಡಿ

ಪತ್ರಿಕೆಯ ಕಚೇರಿಗೆ ಸಿಬ್ಬಂದಿಯನ್ನು ಕರೆತರುವ ವ್ಯಾನಿನ ಚಾಲಕನನ್ನು ಎಲ್ಲರೂ ಮೌನಿಯಣ್ಣ ಎಂದೇ ಕರೆಯುತ್ತಿದ್ದರು. ಹಿಂದಿನ ಸೀಟುಗಳಲ್ಲಿ ಸಂಪಾದಕರ ಸಿಡುಕಿನಿಂದ ಹಿಡಿದು ಯಾರ ಮಗಳಿಗೆ ಯಾವ ವರ ಎಂಬುದರ ತನಕ ಮಾತು ನಡೆಯುತ್ತಿತ್ತು. ಅದರಲ್ಲಿ ಒಂದಕ್ಷರವೂ ಅವನ ಬಾಯಿಂದ ಹೊರಗೆ ಹೋದದ್ದಿಲ್ಲ. ಆ ಹೆಸರನ್ನು ಅವನು ಆಸ್ತಿಯಂತೆ ಕಾಪಾಡಿಕೊಂಡಿದ್ದ.

ಅಂಥವನ ಹೊಟ್ಟೆಯೊಳಗೇ ಕಚೇರಿಯ ದೊಡ್ಡ ಗುಟ್ಟು ಬಂದು ಕೂತಿತು. ಸಾರಿಗೆ ಮ್ಯಾನೇಜರು ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ, ನಾಳೆಯಿಂದ ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಬೇಡಿ, ಅಂಚೆ ಡಬ್ಬದ ಹತ್ತಿರ ನಿಲ್ಲಿಸಬೇಡಿ ಎನ್ನುತ್ತಿದ್ದರು. ಯಾರೋ ಮನೆ ಬದಲಾಯಿಸಿರಬೇಕು ಎಂದುಕೊಂಡಿದ್ದ. ಆದರೆ ಟ್ಯಾಂಕಿನ ಹತ್ತಿರ ಹತ್ತುತ್ತಿದ್ದ ಫೋಟೊಗ್ರಾಫರ್ ಒಂದು ದಿನ ಔಷಧಿ ಅಂಗಡಿಯಲ್ಲಿ ಸಿಕ್ಕಿ ಮುಖ ತಪ್ಪಿಸಿದ. ಬಿಡದೆ ಬೆನ್ನು ಹತ್ತಿ ಕೇಳಿದ್ದಕ್ಕೆ ಎಲ್ಲ ಹೊರಬಿತ್ತು. ಮಧ್ಯಾಹ್ನದ ಚಹಾ ಆದಮೇಲೆ ಸಿಬ್ಬಂದಿ ವಿಭಾಗದ ಅಧಿಕಾರಿ ಒಬ್ಬರನ್ನೇ ಮೇಲಿನ ಕೋಣೆಗೆ ಕರೆಯುತ್ತಾರಂತೆ. ಕೆಲಸದಿಂದ ತೆಗೆಯುತ್ತಿರುವುದು ನಿಮ್ಮೊಬ್ಬರನ್ನೇ, ಯಾರಿಗೂ ಹೇಳಬೇಡಿ, ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಸಹಿ ಹಾಕಿ ಎನ್ನುತ್ತಾರಂತೆ. ಕಂಗಾಲಾದ ಮನುಷ್ಯ ಹಾಕಿಬಿಡುತ್ತಾನೆ. ಆಮೇಲೆ ನಾಚಿಕೆಗೆ ಯಾರ ಫೋನನ್ನೂ ಎತ್ತುವುದಿಲ್ಲ.

ಪುಟ ಕಟ್ಟುವ ಕೆಲಸದ ಅಕ್ಕ ನೌಕರರ ಸಂಘವನ್ನೂ ನೋಡಿಕೊಳ್ಳುತ್ತಿದ್ದಳು. ಯಾರು ಹೋದರು, ಯಾಕೆ ಹೋದರು ಎಂದು ವ್ಯಾನಿನಲ್ಲೇ ಎಲ್ಲರನ್ನೂ ಕೇಳುತ್ತಿದ್ದಳು. ಮೌನಿಯಣ್ಣ ಸ್ಟೇರಿಂಗ್ ಬಿಗಿಯಾಗಿ ಹಿಡಿದು ರಸ್ತೆ ನೋಡುತ್ತಿದ್ದ.

ಒಂದು ಸಂಜೆ ಮತ್ತೆ ಫೋನ್ ಬಂತು. ನಾಳೆ ಒಂದು ದಿನ ಹಿಟ್ಟಿನ ಗಿರಣಿ ಹತ್ತಿರ ನಿಲ್ಲಿಸಿ, ನಾಡಿದ್ದಿನಿಂದ ಬೇಡ.

ಗಿರಣಿಯ ಹತ್ತಿರ ಹತ್ತುವವರು ಪ್ರೂಫ್ ಮೇಷ್ಟ್ರು. ಗಟ್ಟಿಯಾಗಿ ಕೆಮ್ಮುವುದಕ್ಕೂ ಸಂಕೋಚಪಡುವ ಜೀವ. ಮಗಳ ಓದು ಇನ್ನೂ ಮುಗಿದಿರಲಿಲ್ಲ. ರಾಜೀನಾಮೆ ಚೀಟಿ ಮುಂದಿಟ್ಟರೆ ಅವರು ಸಹಿ ಹಾಕುವುದಷ್ಟೇ ಅಲ್ಲ, ಅದರಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಯೂ ಕೊಟ್ಟಾರು ಎನಿಸಿತು ಅವನಿಗೆ.

ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡ. "ನೀವು ಬಾಯಿ ಬಿಟ್ರೆ ನಾಳೆ ನಿಮ್ಮ ಸ್ಟೇರಿಂಗೂ ಹೋಗತ್ತೆ" ಎಂದಳು ಅವಳು. ಒಂದೆರಡು ಪಾತ್ರೆ ಉಜ್ಜಿಟ್ಟಳು. "ಬಾಯಿ ಬಿಡದೇ ಇದ್ರೆ ಆ ಮೇಷ್ಟ್ರ ಮುಖ ಹೇಗೆ ನೋಡ್ತೀರಿ? ನಾಳೆ ಕನ್ನಡೀಲಿ ಹಿಂದೇನೇ ಕೂತಿರ್ತಾರಲ್ಲ."

ಬೆಳಿಗ್ಗೆ ದಾರಿಯುದ್ದಕ್ಕೂ, ದೇವರೇ, ನಾಲಿಗೆ ಕೊಟ್ಟಿದ್ದೀಯ, ಧೈರ್ಯವನ್ನೂ ಕೊಡು ಎಂದುಕೊಳ್ಳುತ್ತಲೇ ಓಡಿಸಿದ. ಗಿರಣಿಯ ಹತ್ತಿರ ಮೇಷ್ಟ್ರು ಹತ್ತಿ ಕೂತರು. ಮೌನಿಯಣ್ಣ ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದ.

"ಮೇಷ್ಟ್ರೇ, ಇವತ್ತು ಚಹಾ ಆದ್ಮೇಲೆ ನಿಮ್ಮನ್ನ ಮೇಲೆ ಕರೀತಾರೆ. ಸಹಿ ಹಾಕ್ಬೇಡಿ."

ಆಮೇಲೆ ಅವನಿಗೇ ತಡೆಯಲಾಗಲಿಲ್ಲ. ಟ್ಯಾಂಕು, ಅಂಚೆ ಡಬ್ಬ, ಬೇಕರಿ ಮೂಲೆ, ವರ್ಷಗಟ್ಟಲೆ ಕಟ್ಟಿಟ್ಟ ಮಾತೆಲ್ಲ ಒಡ್ಡು ಒಡೆದಂತೆ ಬಂತು.

"ನಾನು ಊರೆಲ್ಲ ಹುಡುಕಿದ್ದು ನಿಮ್ಮ ಹತ್ರ ಇತ್ತಾ ಅಣ್ಣ?" ಎಂದಳು ಅಕ್ಕ. "ಬೈಯೋದನ್ನ ಆಮೇಲೆ ಇಟ್ಕೋತೀನಿ. ಈಗ ಗಾಡಿ ಬಿಡಿ."

ಉಳಿದ ದಾರಿಯಲ್ಲಿ ಯಾರೂ ಸೀಟಿಗೆ ಒರಗಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿ, ಕಚೇರಿ ಮುಟ್ಟುವಷ್ಟರಲ್ಲಿ ಒಂದು ಮಾತಿಗೆ ಬಂದಿದ್ದರು. ಮೇಷ್ಟ್ರನ್ನು ಒಬ್ಬರನ್ನೇ ಕಳಿಸಬಾರದು.

ಮಧ್ಯಾಹ್ನ ಮೌನಿಯಣ್ಣ ಅಂಗಳದಲ್ಲಿ ನಿಂತು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ಮೇಲಿನ ಕಿಟಕಿ ನೋಡುತ್ತಿದ್ದ. ಮೊದಲು ಮೇಷ್ಟ್ರ ಬೋಳುತಲೆ ಕಾಣಿಸಿತು. ಅದರ ಹಿಂದೆ ಅಕ್ಕ. ಆಮೇಲೆ ಒಬ್ಬರ ಹಿಂದೆ ಒಬ್ಬರು, ಕಿಟಕಿಯ ಬೆಳಕೇ ಮುಚ್ಚುವಷ್ಟು ಜನ.

ಒಳಗೆ ನಡೆದದ್ದನ್ನು ಸಂಜೆ ವ್ಯಾನಿನಲ್ಲಿ ಎಲ್ಲರೂ ಅಭಿನಯಿಸಿಯೇ ತೋರಿಸಿದರು. ಕರೆದದ್ದು ಇವರೊಬ್ಬರನ್ನು ಮಾತ್ರ ಎಂದರಂತೆ ಅಧಿಕಾರಿ. "ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ ಸಾರ್. ನೀವು ಹೇಳಿ, ನಾವು ಕೇಳಿಸ್ಕೊಂಡು ಅವರಿಗೆ ಹೇಳ್ತೀವಿ" ಎಂದಳಂತೆ ಅಕ್ಕ. ಮೇಷ್ಟ್ರ ಕಿವಿಗೆ ಏನೂ ಆಗಿರಲಿಲ್ಲ. ಹಾಗೇ ಟ್ಯಾಂಕಿನವರೂ ಅಂಚೆ ಡಬ್ಬದವರೂ ಯಾಕೆ ಹೋದರು ಎಂದೂ ಕೇಳಿದಳಂತೆ. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿ, ಸದ್ಯಕ್ಕೆ ಇದು ಬೇಡ, ಆಮೇಲೆ ನೋಡೋಣ ಎಂದರಂತೆ.

ನಗುವಿನ ನಡುವೆ, ಸ್ಟೇರಿಂಗಿನ ಪಕ್ಕ ಸಿಕ್ಕಿಸಿದ್ದ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಸಾರಿಗೆ ಮ್ಯಾನೇಜರ ದನಿ ವ್ಯಾನಿಗೆಲ್ಲ ಕೇಳಿಸಿತು.

"ನಾಳೆ ವ್ಯಾನ್ ತರ್ಬೇಡಿ. ನೀವೊಬ್ಬರೇ ಬಂದು ನನ್ನನ್ನ ನೋಡಿ."

ಅಷ್ಟರಲ್ಲಿ ಮೌನಿಯಣ್ಣನ ಭುಜದ ಮೇಲಿಂದ ಒಂದು ಸಣ್ಣ ತಲೆ ಫೋನಿನ ಕಡೆ ಬಾಗಿತು.

"ಒಬ್ಬರೇ ಬರೋಕಾಗಲ್ಲ ಸಾರ್" ಎಂದರು ಮೇಷ್ಟ್ರು, ವ್ಯಾನೇ ಅದುರುವಷ್ಟು ಗಟ್ಟಿಯಾಗಿ. "ನಾವೂ ಜೊತೇಲಿ ಇರ್ತೀವಿ."

ಆ ಕಡೆ ಫೋನು ಇಟ್ಟರು. ಮೌನಿಯಣ್ಣ ಗಡಿಬಿಡಿಯಲ್ಲಿ ತಿರುವು ತಪ್ಪಿ ಬೇರೆ ಯಾವುದೋ ರಸ್ತೆಗೆ ನುಗ್ಗಿದ್ದ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದುದರಿಂದ ಬಹಳ ದೂರ ಹೋಗುವ ತನಕ ಯಾರಿಗೂ ಅದು ತಿಳಿಯಲಿಲ್ಲ.