ಒಂಬತ್ತು ಚೌಕದ ಹೊದಿಕೆ

ಪಾರಕ್ಕ ಮಾತಾಡುತ್ತ ಮಾತಾಡುತ್ತಲೇ ಎದುರಿನವರ ಹೆಣಿಗೆಯನ್ನು ಬಿಚ್ಚಿಬಿಡುತ್ತಿದ್ದರು. ಹೆಣೆದವಳು ಮುಂದೆಯೇ ಕೂತಿರುತ್ತಿದ್ದಳು. ಅವಳ ಸೊಸೆಯ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಕೇಳುತ್ತ, ಹೂಂ ಹೂಂ ಅನ್ನುತ್ತ, ಚೌಕದ ತುದಿಯ ದಾರ ಹಿಡಿದು ಸರ್ರನೆ ಎಳೆಯುವರು. ಎರಡು ಮಧ್ಯಾಹ್ನದ ಕೆಲಸ ಎರಡು ನಿಮಿಷದಲ್ಲಿ ಬರೀ ದಾರವಾಗಿ ಅವರ ಮಡಿಲಲ್ಲಿ ಬಿದ್ದಿರುತ್ತಿತ್ತು. "ಮೂರನೇ ಸುತ್ತಿನ್ಯಾಗ ಒಂದು ಕುಣಿಕಿ ಬಿಟ್ಟೀದಿ. ಮತ್ತ ಹಾಕು" ಎಂದು ದಾರದ ಉಂಡೆಯನ್ನು ಅವಳ ಕೈಗೆ ಕೊಡುವರು. ಯಾರೂ ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗಲು ಪುರುಸೊತ್ತು ಸಿಗುತ್ತಿರಲಿಲ್ಲ, ಅಷ್ಟೆ.

ಅವರು ಹಿರೇಕೆರೂರಿನ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೂ ಓಣಿಗೆಲ್ಲ ಅಕ್ಕೋರೇ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಸಮಾಜಶಾಸ್ತ್ರ ಕಲಿಸುವ ಕೆಲಸ ಹಿಡಿದು, ಹುಟ್ಟಿದ ಓಣಿಗೇ ಮರಳಿದ್ದೆ. ಯಾರು ಏನು ಹೇಳಿದರೂ ಆಧಾರ ಏನು ಎಂದು ಕೇಳುವ ಚಟ ಅಲ್ಲಿಂದ ಅಂಟಿಸಿಕೊಂಡು ಬಂದಿದ್ದೆ. ಅದಕ್ಕೆ ಪಾರಕ್ಕ ನನ್ನನ್ನು 'ಯಾಕ-ಮಾಸ್ತರ' ಎಂದು ಕರೆಯುತ್ತಿದ್ದರು. ಈಗ ಆ ಚಟವನ್ನು ನನ್ನ ನೆನಪಿನ ಮೇಲೇ ಪ್ರಯೋಗಿಸುವ ಹೊತ್ತು ಬಂದಿದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಬಹಳಷ್ಟು ನಿಜ ಎಂದು ನಂಬಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪು ನನಗೆ ಸುಳ್ಳು ಹೇಳಿತ್ತು.

ಪ್ರತಿ ಮಂಗಳವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳು ಕ್ರೋಶಾ ಸೂಜಿ ಹಿಡಿದು ಕೂರುತ್ತಿದ್ದರು. ಒಬ್ಬೊಬ್ಬರೂ ಗೇಣುದ್ದ ಗೇಣಗಲದ ಉಲ್ಲನ್ ಚೌಕ ಹೆಣೆಯಬೇಕು. ಇಪ್ಪತ್ತು ಚೌಕ ಕೂಡಿಸಿದರೆ ಒಂದು ಕೂಸಿನ ಹೊದಿಕೆ. ಅವು ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗುತ್ತಿದ್ದವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಬರಿಗೈಲಿ ಹೆರಿಗೆಗೆ ಬರುವ ಕೂಲಿಯವರ ಮಕ್ಕಳಿಗೆ ಎಂಬುದು ಪಾರಕ್ಕನ ಲೆಕ್ಕ.

ಮೊದಲ ಹೊದಿಕೆ ಕೂಡಿಸಿದ ದಿನ ನಾನೂ ಅಲ್ಲಿದ್ದೆ. ಅದು ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಸೊಟ್ಟ ಎಳೆದುಕೊಂಡಿತ್ತು. ಗೇಣು ಎಂದು ಹೇಳಿದ್ದರಲ್ಲ, ಹತ್ತೂ ಮಂದಿ ತಂತಮ್ಮ ಕೈ ಚಾಚಿ ಅಳೆದುಕೊಂಡಿದ್ದರು. ರೊಟ್ಟಿ ಬಡಿದು ಬಡಿದು ಹರವಾದ ರತ್ನಕ್ಕನ ಗೇಣಿಗೂ ಬ್ಯಾಂಕಿನ ಕ್ಯಾಷಿಯರ್ ಹೆಂಡತಿಯ ಗೇಣಿಗೂ ಎರಡು ಬೆರಳು ಫರಕು. ಪಾರಕ್ಕ ಅದನ್ನು ಎತ್ತಿ ಹಿಡಿದು ನೋಡಿ, "ಇದನ್ನ ಹೊದಿಸಿದ್ರ ಕೂಸಿಗೆ ಗೂನು ಬರ್ತೈತಿ" ಎಂದರು. ನಕ್ಕು ಮುಗಿದ ಮೇಲೆ ರಟ್ಟಿನ ಮೇಲೆ ತಮ್ಮ ಕೈ ಊರಿ ಗೆರೆ ಎಳೆದು ಕತ್ತರಿಸಿದರು. "ಇನ್ನ ಮ್ಯಾಲೆ ಗೇಣಂದ್ರ ಇದ. ನಿಮ್ಮ ನಿಮ್ಮ ಗೇಣು ಮನ್ಯಾಗಿಟ್ಟು ಬರ್ರಿ."

ಹೊದಿಕೆಗಳನ್ನು ವಾರ್ಡಿಗೆ ಮುಟ್ಟಿಸುವ ಕೆಲಸ ಒಮ್ಮೆ ನನಗೆ ಬಿತ್ತು. ಹೋಗಿ ನೋಡಿದರೆ ಹಿಂದಿನ ಸಲ ಕೊಟ್ಟವೆಲ್ಲ ಬಾಣಂತಿಯರ ದಿಂಬಿನಡಿ ಮಡಚಿಟ್ಟಿದ್ದವು. ಕೂಸುಗಳು ಹಳೇ ಸೀರೆಯ ತುಂಡುಗಳಲ್ಲಿದ್ದವು. ಹುಟ್ಟಿದ ಕೂಸಿನ ಮೈಗೆ ಮೊದಲು ಹಳೇ ಅರಿವೆಯೇ ಮುಟ್ಟಬೇಕು, ಹೊಸದು ಬರಕೂಡದು ಎಂದು ಅಜ್ಜಿಯರು ಹೇಳಿದರು. ನಾನು ವಾಪಸು ಬಂದು, ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಉಪನ್ಯಾಸದೊಂದಿಗೆ, ಸ್ವಲ್ಪ ಖುಷಿಯಿಂದಲೇ ಈ ಸುದ್ದಿ ಹೇಳಿದೆ.

"ಅವರು ಹೇಳೂದು ಖರೇನ ಐತಿ" ಎಂದರು ಪಾರಕ್ಕ. "ಹೊಸಾ ಉಲ್ಲನ್ ಚುಚ್ಚತೈತಿ. ನನಗ ಹೊಳೀಲಿಲ್ಲ ನೋಡು."

ಮರುವಾರದಿಂದ ಊರಿನ ಹಳೇ ಸ್ವೆಟರುಗಳೆಲ್ಲ ಆ ಪಡಸಾಲೆಗೆ ಬಂದವು. ಅವನ್ನು ಬಿಚ್ಚಿ, ದಾರ ತೊಳೆದು, ಒಣಗಿಸಿ, ಮತ್ತೆ ಹೆಣೆದರು. ಅಜ್ಜಿಯರು ಮುಟ್ಟಿ ನೋಡಿ ಒಪ್ಪಿಕೊಂಡರು. ವರ್ಷದ ಮೇಲೆ ಈ ಕೆಲಸ ಸುಸೂತ್ರ ನಡೆಯಿತು.

ಆಮೇಲೆ ಆ ಬಸ್ಸಿನ ಪ್ರಸಂಗ. ಅದನ್ನು ನಾನು ನೋಡಿದವನಲ್ಲ. ಅವತ್ತು ಸಂಜೆ ಪಾರಕ್ಕ ಗೋಡೆಯ ಆಚೆ ನಿಂತು ಹೇಳಿದ್ದು ಇದು. ಅವರು ಆಸ್ಪತ್ರೆಯಿಂದ ಮರಳುವ ಬಸ್ಸಿನಲ್ಲಿ ಮಾಸೂರು ಕಡೆಯ ಒಬ್ಬ ಕೂಲಿ ಕೂತಿದ್ದ. ತೊಡೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಬಸ್ಸು ತುಂಬಿತ್ತು.

"ಕಂಡಕ್ಟರ್ ಎರಡ ಸಲ ಹೇಳಿದ, ಚೀಲ ಮ್ಯಾಲಿಡಪಾ ಅಂತ. ಅಂವ ಇಡಲಿಲ್ಲ. ಏನೈತಪಾ ಅದರಾಗ ಅಂತ ನಾ ಕೇಳಿದೆ. 'ನಮ್ಮ ಕೂಸ್ರಿ' ಅಂದ. ಸತ್ತ ಹುಟ್ಟಿತ್ತಂತ. ಪೇಪರ್‌ನ್ಯಾಗ ಸುತ್ತಿ ಚೀಲದಾಗ ಹಾಕಿ ಕೊಟ್ಟಾರ. ನನ್ನ ಕಡೆ ಒಂದ ಚೌಕ ಉಳದಿತ್ತು. ಕೊಟ್ಟೆ. ಮಾರಿ ಅಷ್ಟ ಮುಚ್ಚಿತು, ತಮ್ಮಾ."

ಎರಡು ದಿನ ಬಿಟ್ಟು, ಇನ್ನು ಮುಂದೆ ಸತ್ತು ಹುಟ್ಟಿದ ಮಕ್ಕಳಿಗೂ ಒಂಬತ್ತು ಚೌಕದ ಸಣ್ಣ ಹೊದಿಕೆ ಮಾಡಿಸುತ್ತೇನೆ ಎಂದು ಅವರು ಹೇಳಿದಾಗ, "ಸತ್ತ ಕೂಸಿಗೆ ಚಳಿ ಆಗೂದಿಲ್ರಿ, ಅಕ್ಕೋರ" ಎಂದೆ.

"ನನಗ ತಿಳಿಯೂದಿಲ್ಲೇನು? ಕೂಸಿನ ಮಾತು ಬಿಡು. ಆ ಅಪ್ಪ ಅದನ್ನ ಹೆಂಗ ಹಿಡಕೊಂಡು ಹೋಗಬೇಕು ಹೇಳು. ಚೀಲದ ಹಿಡಿಕಿ ಹಿಡಕೊಂಡು ಹೋಗಲೇನು?"

ಮಂಗಳವಾರ ಪಡಸಾಲೆಯಲ್ಲಿ ಮಾತು ತೆಗೆದಾಗ ಸೂಜಿಗಳೆಲ್ಲ ನಿಂತವು. ಮೊದಲು ಬಾಯಿ ಬಿಟ್ಟವಳು ರತ್ನಕ್ಕ.

"ನನ್ನ ಮಗಳು ಈಗ ಏಳು ತಿಂಗಳ ಬಸುರಿ ಅದಾಳ್ರಿ, ಅಕ್ಕೋರ. ಮಣ್ಣಿಗೆ ಹೋಗೂದನ್ನ ಹೆಣೆದ ಕೈಲೆ ನಾ ಆಕಿಗೆ ಉಣಸಲೇನ್ರಿ?"

"ಕೈ ತೊಳಕೊ. ಹಿತ್ತಲದಾಗ ಸಾಬಾಣ ಐತಿ."

"ಚ್ಯಾಷ್ಟಿ ಅಲ್ರಿ. ಹಳೇ ಅರಿವಿ ಬೇಕು ಅಂದಾಗ ನೀವ ತಲಿ ಬಾಗಿಸಿದ್ರಿ. ಈಗ ಯಾಕ ಹಟ?"

"ಅವಾಗ ತಲಿ ಬಾಗಿಸಿದ್ರ ಕೂಸಿಗೆ ಉಪಯೋಗ ಇತ್ತು. ಈಗ ಬಾಗಿಸಿದ್ರ ನಿನ್ನ ಅಂಜಿಕಿಗೆ ಅಷ್ಟ ಉಪಯೋಗ."

ಇದು ಪಾರಕ್ಕನ ದೋಷ. ಅಂಜಿದವರ ಜೊತೆ ಮೆತ್ತಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ. ರತ್ನಕ್ಕ ಸೂಜಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮುಂದಿನ ವಾರ ಆರು ಮಂದಿ ಬಂದರು, ಅದರ ಮುಂದಿನ ವಾರ ಇಬ್ಬರು. ಶ್ರಾವಣ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಪಾರಕ್ಕ ಒಬ್ಬರೇ. ಸುದ್ದಿ ವಾರ್ಡಿಗೂ ಮುಟ್ಟಿತು. ಸತ್ತ ಮಕ್ಕಳಿಗೆ ಹೆಣೆಯುವ ಮನೆಯ ಹೊದಿಕೆ ನಮಗೆ ಬೇಡ ಎಂದು ಬಾಣಂತಿಯರ ತಾಯಂದಿರು ಇದ್ದವನ್ನೂ ತಿರುಗಿಸಿದರು. ವಾರ್ಡಿನ ಆಯಾ ಅವನ್ನು ಗಂಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದಳು. ಪಾರಕ್ಕ ಗಂಟು ಬಿಚ್ಚಿದರು, ಇಪ್ಪತ್ತು ಚೌಕದ ಹೊದಿಕೆಗಳ ಹೊಲಿಗೆ ಬಿಡಿಸಿದರು, ಒಂಬತ್ತು ಒಂಬತ್ತಾಗಿ ಕೂಡಿಸಿದರು. ಅವಕ್ಕೆ ವಾರ್ಡಿನಲ್ಲಿ ಬೇಡ ಎನ್ನುವವರಿರಲಿಲ್ಲ.

ಅವರಿಗೂ ಒಂದು ಕೂಸು ಹಾಗೇ ಹೋಗಿತ್ತಂತೆ, ಅದಕ್ಕೇ ಈ ಹುಚ್ಚು ಎಂದು ಓಣಿ ಕತೆ ಕಟ್ಟಿತು. ನನಗೂ ಅದು ಸರಿ ಎನಿಸಿ ಕೇಳಿಯೇಬಿಟ್ಟೆ. ಪಾರಕ್ಕನಿಗೆ ನಗು ಬಂತು. "ಇಲ್ಲೋ ಯಾಕ-ಮಾಸ್ತರ. ಒಂದು ಶಿಗ್ಗಾವ್ಯಾಗ, ಒಂದು ಸವಣೂರಾಗ, ಎರಡೂ ಗಟ್ಟಿಮುಟ್ಟ ಅದಾವ. ಫೋನ್ ಮಾಡಿದ್ರ ತಾಸಗಟ್ಲೆ ತಲಿ ತಿಂತಾವ. ನಾ ಬಸ್ಸಿನ್ಯಾಗ ನೋಡಿದ್ದು ಸಾಲೂದಿಲ್ಲೇನು?"

ಅದೇ ವರ್ಷ ನನ್ನ ಹೆಂಡತಿ ಸುಮಾ ಬಸುರಿಯಾದಳು. ಚಿಕ್ಕೇರೂರಿನಿಂದ ಬಂದ ನನ್ನ ಅತ್ತೆ ಮೊದಲ ದಿನವೇ ಗೋಡೆಯ ಕಡೆ ಕೈ ತೋರಿಸಿ, "ಆ ಮನಿಗೆ ಹೋಗೂದು ಬರೂದು ಬ್ಯಾಡ್ರಿ" ಎಂದರು. ನಾನು ವಾದ ಮಾಡಬೇಕಿತ್ತು. ತರಗತಿಯಲ್ಲಿ ಇಂಥದ್ದರ ಮೇಲೆ ಗಂಟೆಗಟ್ಟಲೆ ಮಾತಾಡುವವನು ನಾನು. ಸುಮ್ಮನೆ ಮನೆಯಲ್ಲಿ ಯಾಕೆ ಜಗಳ ಎಂದು ಹೂಂ ಎಂದೆ. ಸುಮಾ ಹೋಗದೆ ಇದ್ದದ್ದಷ್ಟೇ ಅಲ್ಲ, ನಾನೂ ಹೋಗಲಿಲ್ಲ. ಸುಮಾ ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದಾಗ ಪಾರಕ್ಕ, ತಮ್ಮ ಕೈಯ ಹೆಣಿಗೆ ಕಣ್ಣಿಗೆ ಬೀಳದಿರಲಿ ಎಂದು ಕುರ್ಚಿಯನ್ನು ಒಳಗೆ, ಬೆಳಕು ಕಮ್ಮಿ ಇದ್ದ ಅಡುಗೆಮನೆ ಕಡೆಗೆ, ಎಳೆದುಕೊಂಡರು.

ಎಂಟನೇ ತಿಂಗಳಲ್ಲಿ ಕೂಸಿನ ಅಲುಗಾಟ ನಿಂತಿತು. ಅದೇ ಆಸ್ಪತ್ರೆ, ಅದೇ ವಾರ್ಡು. ಹೆಣ್ಣು ಕೂಸು. ಸುಮಾಗೆ ಎಚ್ಚರವಿರಲಿಲ್ಲ. ಅವಳು ಅದನ್ನು ನೋಡಲಿಲ್ಲ.

ಮೂರನೇ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅದನ್ನ ಏನರಾಗ ಸುತ್ತಿದ್ರಿ?"

"ಪಾರಕ್ಕೋರು ಹೆಣೆದದ್ದರಾಗ" ಎಂದೆ.

ಹಾಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಆಯಾ ಮಡಚಿ ತಂದದ್ದು, ನನ್ನ ತೋಳಿನ ಮೇಲೆ ಅದರ ಹೆಣಿಗೆಯ ಒರಟು, ಅಂಚಿನ ಕಡುಹಸಿರು, ಎಲ್ಲ ನನಗೆ ಕಾಣುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಸುಮಾ ಆ ಮಾತನ್ನು ಹಿಡಿದುಕೊಂಡು ಎದ್ದು ಕೂತಳು, ಉಂಡಳು, ಮನೆಗೆ ಬಂದಳು. ನಾಲ್ಕು ವರ್ಷ ಅದರ ಮೇಲೆಯೇ ನಿಂತಿದ್ದಳು ಎಂದರೂ ಸರಿ. ಅತ್ತೆ ಏನೆಂದರೂ ಕೇಳದೆ ಪಾರಕ್ಕನ ಮನೆಗೆ ಹೋಗಿಬರತೊಡಗಿದಳು.

ಹೋದ ವರ್ಷ ಊಟಕ್ಕೆ ಕೂತಾಗ ಅವಳ ಅಣ್ಣ ವೀರೇಶನ ಬಾಯಿಂದ ಮಾತು ಜಾರಿತು. ಪುಣ್ಯಕ್ಕೆ ಸುಮಾ ಒಳಗಿದ್ದಳು. ಮಣ್ಣು ಮಾಡಲು ನನ್ನ ಜೊತೆ ಬಂದಿದ್ದವನು ಅವನೊಬ್ಬನೇ.

"ನನ್ನ ಟಾವೆಲ್‌ನ್ಯಾಗ ಸುತ್ತಿದ್ವಲ್ಲೋ. ಆಯಾ ಹೊದಿಕಿ ತಂದಿದ್ಲು. ನೀನ ಬ್ಯಾಡ ಅಂದಿ."

ಇಲ್ಲ ಎಂದೆ. ಅವನು ನನ್ನ ಮುಖ ನೋಡಿದ. ಅನ್ನದ ಮೇಲೆ ಸಾರು ಹಾಕಿಕೊಂಡ.

ಎರಡು ದಿನ ತಡೆದು ಪಾರಕ್ಕನ ಮನೆಗೆ ಹೋದೆ. ಕಣ್ಣಿಗೆ ಪೊರೆ ಬಂದು, ಬೆರಳಿನ ಗೆಣ್ಣುಗಳು ಬಾತು, ಅವರು ಹೆಣೆಯುವುದನ್ನು ಬಿಟ್ಟಿದ್ದರು. ಸವಣೂರಿನ ಮಗಳು ಮರುದಿನ ಕರೆದೊಯ್ಯುವವಳಿದ್ದಳು. ಪಡಸಾಲೆಯಲ್ಲಿ ಎರಡು ಟ್ರಂಕು ಕಟ್ಟಿಟ್ಟಿದ್ದರು. ನಾನು ಸುತ್ತು ಬಳಸದೆ ಕೇಳಿದೆ. ಆಯಾ ಎಲ್ಲವನ್ನೂ ಅವರಿಗೆ ಹೇಳುವವಳೆಂದು ನನಗೆ ಗೊತ್ತಿತ್ತು.

ಪಾರಕ್ಕ ಸೀರೆಯ ನಿರಿಗೆ ಸರಿಮಾಡಿಕೊಂಡರು.

"ಖರೇನ ಬೇಕೇನು ನಿನಗ?"

"ಹೂಂನ್ರಿ."

"ಆ ಮನೀದು ಬ್ಯಾಡ ಅಂದಿ ನೀನು. 'ಆಕಿ ಹೆಣೀಲಿಕ್ಕತ್ತಿದ್ದಕ್ಕ ಹಿಂಗಾತು' ಅಂತನೂ ಅಂದೀಯಂತ. ಆಯಾ ಬಂದು ಅತ್ತಳು. ಇರ್ಲಿ ಬಿಡು, ಅವತ್ತು ಯಾರರ ಏನರ ಅಂತಾರ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಓಣಿಯ ಯಾವ ಅಜ್ಜಿಯೂ ಅವರ ಮೇಲೆ ನೇರವಾಗಿ ಹೊರಿಸದ ಮಾತನ್ನು ನಾನು, ಆಧಾರ ಕೇಳುವವನು, ಹೊರಿಸಿದ್ದೆ. ಆಮೇಲೆ ಅದನ್ನು ಅಳಿಸಿ, ಆ ಜಾಗದಲ್ಲಿ ಕಡುಹಸಿರು ಅಂಚಿನ ಒಂದು ಹೊದಿಕೆಯನ್ನು ಹೆಣೆದುಕೊಂಡಿದ್ದೆ.

"ಸುಮಾಗ ಹೇಳಿಬಿಡ್ತೇನ್ರಿ" ಎಂದೆ.

"ಯಾಕ? ನಿನ್ನ ಎದಿ ಹಗುರ ಆಗಲಂತ?"

ಕೂರು ಎಂದು ಟ್ರಂಕಿನ ಕಡೆ ಕೈ ತೋರಿಸಿ ಪಾರಕ್ಕ ಮುಂದುವರಿಸಿದರು.

"ಆಕಿ ನನ್ನ ಕಡೆ ಬಂದಿದ್ಲು, ಆದ ವರ್ಷನ. ಕೈ ಹಿಡಕೊಂಡು, ನಿಮ್ಮಿಂದ ನನ್ನ ಕೂಸು ಬೆಚ್ಚಗ ಹೋತ್ರಿ ಅಂದ್ಲು. ಯಾವ ಬಣ್ಣ ಇತ್ತರಿ ಅಂತ ಕೇಳಿದ್ಲು. ನಾ ಹಳದಿ ಅಂತ ಹೇಳೇನಿ. ನೀ ಏನ ಹೇಳೀದಿ?"

"ಬಣ್ಣ ಹೇಳಿಲ್ರಿ."

"ಚಲೋ ಆತು. ಕೇಳಿದ್ರ ನೀನೂ ಹಳದಿ ಅಂತನ ಹೇಳು. ಇಬ್ಬರದೂ ಒಂದ ಇರಬೇಕು."

ಮರುದಿನ ಬೆಳಿಗ್ಗೆ ಕಾರು ಬಂತು. ನಾನು ಟ್ರಂಕುಗಳನ್ನು ಎತ್ತಿಟ್ಟೆ. ಪಾರಕ್ಕ ಸುಮಾಳ ಗಲ್ಲ ಸವರಿದರು, ನನ್ನ ಕಡೆ ತಿರುಗಿ ಬರೀ ತಲೆ ಆಡಿಸಿದರು. ಈ ವರ್ಷ ಹೋಳಿ ಹುಣ್ಣಿಮೆಯ ಹತ್ತಿರ ಸವಣೂರಿನಲ್ಲಿಯೇ ತೀರಿಕೊಂಡರು. ನಮಗೆ ಸುದ್ದಿ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಆ ಸಂಜೆ ಸುಮಾ ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು. "ಹಳದೀನ ಇತ್ತಲ್ರಿ ಅದು?"

"ಹೂಂ" ಎಂದೆ. "ಹಳದೀನ ಇತ್ತು."