ದಿಂಬಿನಡಿಯ ನೇರಳೆ ಹರಳು

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅರಬೈಲ್ ಘಟ್ಟದಲ್ಲಿ ನಮ್ಮ ಬಾಡಿಗೆ ಜೀಪಿನ ಬ್ರೇಕ್ ಹೋಯಿತು. ಡ್ರೈವರ್ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿಸಿ ನಿಲ್ಲಿಸಿದ್ದರಿಂದ ಉಳಿದೆವು. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ತಿರುವು.

ಇದು ಶನಿಕಾಟವೆಂದು ಅಮ್ಮ ಶಿರಸಿಯಿಂದ ನೇರಳೆ ಹರಳು ತಂದಳು. ನೀಲಮಣಿ ಕೊಳ್ಳಲಾಗದವರಿಂದ ಶನಿ ಇದನ್ನೂ ಒಪ್ಪುತ್ತಾನಂತೆ. ಮೂರು ರಾತ್ರಿ ದಿಂಬಿನಡಿ ಇಟ್ಟಾಗ ಕೆಟ್ಟ ಕನಸು ಬಿದ್ದರೆ ಹರಳು ಆಗಿಬರುವುದಿಲ್ಲ. ಡಿಗ್ರಿ ಓದಿದ ನಾನೇ ದಿಂಬು ಎತ್ತಿಕೊಟ್ಟೆ. ಮೊದಲು ತಂದ ಕಡುಬಣ್ಣದ್ದು ಸೋತಿತು, ಬದಲಿಸಿ ತಂದ ತಿಳಿಬಣ್ಣದ್ದೂ ಸೋತಿತು.

"ಹರಳು ಚೊಲೋನೇ ಐತ್ರಿ, ಮಲಗೋರೇ ಸರಿ ಇಲ್ಲ" ಎಂದ ಅಂಗಡಿಯವ, ಮೂರನೆಯದನ್ನು ಕೊಡುತ್ತಾ.

ಹಿಂದೆ ಗ್ರೀಕರು ಅಮಲೇರದಿರಲೆಂದು ಇದನ್ನು ಧರಿಸುತ್ತಿದ್ದರಂತೆ. ಬ್ರೇಕಿನ ಬಗ್ಗೆ ಅವರೇನೂ ಹೇಳಿಲ್ಲ.

ಮೂರನೆಯ ಹರಳು ದಿಂಬಿನಡಿ ಸೇರಿದ ಶುಕ್ರವಾರ ಡ್ರೈವರ್ ಯಲ್ಲಾಪುರದಿಂದ ಬಂದು, ಜೀಪಿಗೆ ಹಾಕಿಸಿದ ಹೊಸ ಬ್ರೇಕ್ ತೋರಿಸಿದ. ಅಂದು ಬೆಳಗಿನವರೆಗೂ ನಿದ್ದೆ ಮಾಡಿದೆ.

"ನೋಡಿದ್ಯ, ಈ ಹರಳು ನಿಂಗೆ ಆಗಿಬಂತು" ಎಂದಳು ಅಮ್ಮ.